ಹಿಂದಿನ ಸೀಟಿನವನು

ಸುಳ್ಳು ಹೇಳುವುದಕ್ಕೂ ಮೈಯಲ್ಲಿ ನೀರಿರಬೇಕು. ಇದು ನನಗೆ ತಿಳಿದದ್ದು ಹೋದ ಬೇಸಿಗೆಯಲ್ಲಿ. ನಾನು ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಗೋದಾಮು ನೋಡಿಕೊಳ್ಳುವವನು, ಮನೆ ಬಸವಕಲ್ಯಾಣದಲ್ಲಿ. ಪಾಳಿ ಮುಗಿಸಿ ಬೈಕ್ ಹತ್ತುವುದು ಮಟಮಟ ಮಧ್ಯಾಹ್ನ. ದಾರಿಗೆಂದು ಹೆಂಡತಿ ಸುಮಂಗಲಾ ಒಂದು ಬಾಟಲಿ ನೀರು ಕೊಡುತ್ತಾಳೆ. ಮನೆಗೆ ಬಂದಾಗ ಅದು ಖಾಲಿ ಇರಬೇಕು, ಇಲ್ಲದಿದ್ದರೆ ಊಟಕ್ಕೆ ಮೊದಲು ವಿಚಾರಣೆ. ಆದರೆ ಹೆಲ್ಮೆಟ್ ತೆಗೆದು, ಒಳಗೆ ಮುಖಕ್ಕೆ ಕಟ್ಟಿದ ದಸ್ತಿ ಬಿಚ್ಚಿ, ನೀರು ಕುಡಿದು, ಆಮೇಲೆ ಬಟಾಬಯಲಲ್ಲಿ ಮರೆ ಹುಡುಕುವ ಉಸಾಬರಿ ಯಾರಿಗೆ ಬೇಕು? ದಾರಿಬದಿಯಲ್ಲೊಂದು ಬೇವಿನ ಮರವಿತ್ತು. ಬಾಟಲಿಯನ್ನು ಅದರ ಬುಡಕ್ಕೆ ಬಗ್ಗಿಸಿ ಮುಂದೆ ಹೋಗುತ್ತಿದ್ದೆ. ಮರ ಚಿಗುರುತ್ತಿತ್ತು, ಹೆಂಡತಿಯೂ ಖುಷಿಯಾಗಿದ್ದಳು.

ಆ ದಿನ ರಸ್ತೆಯಲ್ಲಿ ಒಂದು ಲಾರಿಯಿಲ್ಲ, ಒಂದು ಕಾಗೆಯಿಲ್ಲ. ಮುಂದೆ ಡಾಂಬರಿನ ಮೇಲೆ ನೀರು ನಿಂತಂತೆ ಕಾಣುತ್ತಿತ್ತು. ಹತ್ತಿರ ಹೋದಷ್ಟೂ ಹಿಂದೆ ಸರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆವರು ನಿಂತಿತು. ಅಬ್ಬಾ, ತಂಪಾಯಿತು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು! ಮೈಮೇಲೆ ಮುಳ್ಳೆದ್ದವು. ಮೇ ತಿಂಗಳ ಬಿಸಿಲಲ್ಲಿ ಚಳಿ! ಅಷ್ಟರಲ್ಲಿ ಹಿಂದಿನ ಸೀಟಿನ ಮೇಲೆ ಯಾರೋ ಕುಳಿತ ಭಾರ. ಕನ್ನಡಿಯಲ್ಲಿ ನೋಡಿದೆ. ನನ್ನದೇ ಅಂಗಿ, ನನ್ನದೇ ಹೆಲ್ಮೆಟ್, ಒಳಗೆ ಮುಖವಿರಲಿಲ್ಲ. ಜೀವ ಬಾಯಿಗೆ ಬಂದಿದ್ದರೂ ನಮ್ಮ ಕಡೆಯ ಮರ್ಯಾದೆ ಬಿಡಲಿಲ್ಲ.

"ಎಲ್ಲಿ ಇಳೀತೀರ್ರಿ?" ಎಂದೆ.

"ನೀವು ಬೀಳೂ ಜಾಗಾದಾಗ್ರಿ," ಎಂದಿತು ಅದು. ಅದೂ 'ರಿ' ಹಚ್ಚಿಯೇ ಮಾತಾಡಿತು.

ಬೇವಿನ ಮರದ ಹತ್ತಿರ ಹೇಗೋ ಗಾಡಿ ನಿಲ್ಲಿಸಿದೆ. ನೀರು, ನೀರು ಎಂದು ಜೀವ ಬಾಯಿಬಿಡುತ್ತಿತ್ತು. ಕೈ ಮಾತ್ರ ದಿನದ ರೂಢಿಯಂತೆ ಮುಚ್ಚಳ ತೆಗೆದು, ಬಾಟಲಿಯನ್ನು ಪೂರಾ ಬುಡಕ್ಕೆ ಸುರಿಯಿತು. ಕೊನೆಯ ಹನಿ ಇಂಗುವುದನ್ನು ನೋಡುತ್ತಲೇ ಬಿದ್ದೆ.

ಮರದ ಆಚೆ ಆಡು ಕಾಯುತ್ತಿದ್ದ ಮುದುಕಿಯೊಬ್ಬಳು ಓಡಿಬಂದು, ಹೆಲ್ಮೆಟ್ ಕಿತ್ತೆಸೆದು, ತನ್ನ ಕೊಡದ ನೀರಿನಲ್ಲಿ ಸೆರಗು ಅದ್ದಿ ಕುತ್ತಿಗೆಗೆ, ಕಂಕುಳಿಗೆ ಒತ್ತಿದಳು. ಎಚ್ಚರಾದ ಮೇಲೆ ಉಪ್ಪಿನ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದಳು.

"ದಿನಾ ಗಿಡಕ್ಕ ನೀರ ಹಾಕತೀರಿ, ಭಾರಿ ಪುಣ್ಯವಂತರು ಅನ್ಕೊಂಡಿದ್ದೆ. ನಿಮ್ಮ ಬಾಯಾಗೂ ಒಂದ್ ಗುಟುಕ ಹಾಕ್ಕೊಂಡ್ರ ಏನ್ ಹೋಗತಿತ್ರಿ?"

"ಆಯಿ, ನನ್ನ ಹಿಂದ ಕುಂತಾಂವ ಎಲ್ಲಿ ಹೋದ?"

ಅವಳು ನನ್ನನ್ನು ಒಂದು ಥರ ನೋಡಿದಳು. "ಹಿಂದ ಯಾರೂ ಇರಲಿಲ್ರಿ ಸಾಹೇಬ್ರ. ಬಿದ್ದ ಮ್ಯಾಲೂ ನೀವೊಬ್ಬರೇ ಎರಡು ದನೀಲೆ ಮಾತಾಡಾಕತ್ತಿದ್ರಿ."

ಅತ್ತ ಬಂದ ಟಂಟಂ ಆಟೋ ನಿಲ್ಲಿಸಿ ನನ್ನನ್ನು ದವಾಖಾನೆಗೆ ಕಳಿಸಿದಳು. ಸಲೈನ್ ಏರುತ್ತಿದ್ದಾಗ ಸುಮಂಗಲಾಗೆ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಬೈಯಲಿಲ್ಲ, ಅತ್ತಳು. ನನಗೆ ಅದೇ ಹೆಚ್ಚು ಭಯವಾಯಿತು. ಕೆಲಸಕ್ಕೆ ಮರಳಿದ ದಿನ ಎರಡು ಬಾಟಲಿ ಕೈಗಿಟ್ಟಳು. "ಇದು ನಿಮಗ, ಇದು ಗಿಡಕ್ಕ. ಅದಲಾಬದಲಿ ಮಾಡಬ್ಯಾಡ್ರಿ ಮತ್ತ!"

ಈಗ ದಾರಿಯಲ್ಲಿ ಎರಡು ಕಡೆ ನಿಂತು ಕುಡಿಯುತ್ತೇನೆ. ಒಂದು ದಿನ ಮಾತ್ರ ತಪ್ಪುವುದರಲ್ಲಿತ್ತು. ಮೊನ್ನೆ ಹೊತ್ತಾಯಿತೆಂದು, ಮರದ ಕೆಳಗೆ ನನ್ನ ಪಾಲಿನ ಬಾಟಲಿಯನ್ನೂ ಬಗ್ಗಿಸಲು ಹೋದೆ. ಬೆನ್ನ ಹಿಂದೆ ಖಾಲಿ ಸೀಟಿನಿಂದ, "ಸುರೀರಿ, ಸುರೀರಿ, ನಾ ಕುಂತೇನಿ" ಎಂದು ಕೇಳಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ನೆರಳಲ್ಲಿ ಕುಳಿತು, ತಳದ ಹನಿಯವರೆಗೂ ಕುಡಿದೆ. ಆ ದನಿ ನನ್ನದೇ ಎಂದು ನನಗೆ ಚೆನ್ನಾಗಿ ಗೊತ್ತು. ಹೆದರಿಕೆ ಅದಕ್ಕೇ.