ಜಗಲಿ ಉಳಿಸುವ ಸಂಘ

ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಕೂತು ಬಸ್ಸುಗಳು ಬಂದ ಹೊತ್ತು, ಹೋದ ಹೊತ್ತು ಬರೆದವನು ನಾನು. ಜನ ಸೇರಿದ ಕಡೆಯೆಲ್ಲ ಎಡವಟ್ಟಾಗುತ್ತದೆ, ನಿವೃತ್ತನಾದರೆ ಇದರಿಂದ ಬಿಡುಗಡೆ ಎಂದುಕೊಂಡಿದ್ದೆ. ಊರಿನ ಸಂಘಕ್ಕೆ ಕಾರ್ಯದರ್ಶಿಯಾದೆ ನೋಡಿ, ಈಗ ವಾರಕ್ಕೊಂದಾದರೂ ಆಗುತ್ತದೆ.

ನಮ್ಮೂರು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿದೆ. ಒಂದೇ ಉದ್ದನೆಯ ಬೀದಿ. ಮೊದಲು ಎಲ್ಲ ಮನೆ ಮುಂದೆಯೂ ಜಗಲಿ ಇತ್ತು. ಒಂದೊಂದನ್ನೇ ಒಡೆದು ಗ್ರಿಲ್ಲು, ಗೇಟು, ಷಟರ್ ಹಾಕಿಸಿಕೊಂಡರು. ಉಳಿದದ್ದು ಮೂಲೆಮನೆ ಯಜಮಾನರ ಕಲ್ಲಿನ ಜಗಲಿ ಒಂದೇ. ಹೂ ಕಟ್ಟುವವರು, ರೇಷ್ಮೆಗೂಡಿನ ಮಾತಾಡುವವರು, ಬಸ್ಸಿಗೆ ಕಾಯುವವರು, ಸುಮ್ಮನೆ ಕೂರುವ ನನ್ನಂಥವರು ಎಲ್ಲರಿಗೂ ಅದೇ ಜಾಗ. ಅದೂ ಹೋದರೆ ನಾವು ಒಬ್ಬರಿಗೊಬ್ಬರು ಸಿಗುವುದು ಮದುವೆ, ತಿಥಿಗಳಲ್ಲಿ ಮಾತ್ರ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು. ಅದಕ್ಕೇ ಸಂಘ ಕಟ್ಟಿದೆವು. ಹಳ್ಳಿತನ ಉಳಿಸಬೇಕು, ಒಗ್ಗಟ್ಟು ಬೆಳೆಸಬೇಕು. ನಿವೃತ್ತ ಮೇಷ್ಟ್ರೊಬ್ಬರು ಅಧ್ಯಕ್ಷರಾದರು.

ಫ್ಲೆಕ್ಸು

ಮೊದಲ ಕೆಲಸವೇ ಫ್ಲೆಕ್ಸು. 'ನಮ್ಮ ಹಳ್ಳಿ ನಮ್ಮ ಹೆಮ್ಮೆ' ಎಂದು ಬರೆದು, ಹಿಂದುಗಡೆ ಯಾವುದಾದರೂ ಒಳ್ಳೆಯ ಹಳ್ಳಿಯ ಚಿತ್ರ ಹಾಕಪ್ಪ ಎಂದು ಕೊಳ್ಳೇಗಾಲದ ಅಂಗಡಿಯವನಿಗೆ ಫೋನಿನಲ್ಲೇ ಹೇಳಿದ್ದೆ. ಬಿಚ್ಚಿ ನೋಡಿದರೆ ಹಿಮದ ಬೆಟ್ಟ, ಮರದ ಮನೆ, ಕೊರಳಿಗೆ ಗಂಟೆ ಕಟ್ಟಿಕೊಂಡ ದಪ್ಪ ದಪ್ಪ ಹಸುಗಳು. ಅವುಗಳ ಮುಂದೆ ಪಂಚೆ ಉಟ್ಟ ನಾವು ಹನ್ನೊಂದು ಜನ ಕೈಮುಗಿದು ನಿಂತಿದ್ದೇವೆ. ಮಾಡಿಸಿದ್ದು ಮಾಡಿಸಿಯಾಯಿತು ಎಂದು ಮೇಷ್ಟ್ರು ಅದನ್ನೇ ಕಟ್ಟಿಸಿದರು.

ಹೂ ಮಾರುವ ಅಜ್ಜಿ ಬಂದು ತುಂಬ ಹೊತ್ತು ನೋಡಿದರು.

"ಇದ್ಯಾವೂರು ಮೇಷ್ಟ್ರೇ?"

"ನಮ್ಮೂರೇ ಕಣವ್ವ."

"ಅಂಗಾರೆ ನಮ್ಮನೆ ಎಲ್ಲದೆ?"

ಮೇಷ್ಟ್ರು ಒಂದಿಷ್ಟೂ ತಬ್ಬಿಬ್ಬಾಗದೆ ಹಿಮದ ಬೆಟ್ಟದ ತುದಿಗೆ ಬೆರಳಿಟ್ಟರು. "ಇದ್ರ ಹಿಂದ್ಗಡೆ ಕಣವ್ವ. ಕಾಣಕಿಲ್ಲ ಅಷ್ಟೇಯ."

ಅಜ್ಜಿ ತಲೆಯಾಡಿಸಿದರು. "ಅದ್ಕೇಯಾ, ನಮ್ಮನೆ ನಲ್ಲೀಗೆ ನೀರು ಅತ್ದೇ ಇರಾದು!"

ಕರೆ

ಸಭೆಗೆ ಯಾರನ್ನೂ ವಾಟ್ಸಪ್ಪಿನಲ್ಲಿ ಕರೆಯಕೂಡದು, ಮನೆಮನೆಗೂ ಹೋಗಿ ಎಲೆಅಡಿಕೆ ಕೊಟ್ಟು ಕರೆಯಬೇಕು ಎಂದು ನಿರ್ಣಯ ಮಾಡಿದ್ದೆವು. ಜಗಲಿಯ ವಿಷಯಕ್ಕೆ ಭಾನುವಾರ ಸಂಜೆ ಸಭೆ. ಬೆಳಗ್ಗೆ ಏಳಕ್ಕೇ ಮೇಷ್ಟ್ರೂ ನಾನೂ ಹೊರಟೆವು. ಮೊದಲ ಮನೆಯಲ್ಲಿ ಕಾಫಿ, ಎರಡನೇ ಮನೆಯಲ್ಲಿ ಮಜ್ಜಿಗೆ. ಮೂರನೇ ಮನೆಯಲ್ಲಿ "ಉಣ್ಣದೆ ಓಯ್ತೀರಾ? ಚೆಂದಾಗಿದ್ದದಾ?" ಎಂದು ಮುದ್ದೆ ಬಡಿಸಿಯೇ ಬಿಟ್ಟರು. ಉಂಡ ಮೇಲೆ ಮೇಷ್ಟ್ರು ಗೋಡೆಗೆ ಒರಗಿದವರು ಅಲ್ಲೇ ನಿದ್ದೆ ಹೋದರು. ಅಂತೂ ಸಂಜೆಯೊಳಗೆ ಬೀದಿ ಮುಗಿಸಿದೆವು, ಜನವೂ ಬಂದರು. ಸಂಘದ ಮಹಿಳಾ ಪ್ರತಿನಿಧಿ ಮಾತ್ರ ಬರಲಿಲ್ಲ. ಅವಳು ನನ್ನ ಹೆಂಡತಿ.

ಮನೆಗೆ ಓಡಿ ಯಾಕೆಂದು ಕೇಳಿದೆ.

"ನನ್ನ ಯಾರೂ ಕರೀನಿಲ್ಲ" ಎಂದಳು.

"ಕರೆಯೋನೇ ನಾನಲ್ವೇನೇ!"

"ಬೀದಿಗೆಲ್ಲ ಎಲೆಅಡಿಕೆ ಕೊಟ್ರಿ. ನಮ್ಮನೆಗೆ ಕೊಟ್ರಾ?"

ಮಹಿಳಾ ಪ್ರತಿನಿಧಿ ಇಲ್ಲದೆ ನಡೆಸುವಂತಿಲ್ಲ ಎಂದು ಸಭೆ ಮುಂದಕ್ಕೆ ಹೋಯಿತು. ಮಾರನೇ ಬೆಳಗ್ಗೆ ಮೇಷ್ಟ್ರ ಜೊತೆ ಹೋಗಿ, ನನ್ನ ಮನೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ನನ್ನ ಹೆಂಡತಿಗೆ ಎಲೆಅಡಿಕೆ ಕೊಟ್ಟು, "ತಪ್ಪದೆ ಬರಬೇಕು" ಎಂದೆ.

ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು: "ನಮ್ಮನೆಯೋರ್ನ ಒಂದ್ ಮಾತು ಕೇಳ್ಬುಟ್ಟು ಯೋಳ್ತೀನಿ."

ಹಾರೆ

ಮೂಲೆಮನೆ ಯಜಮಾನರ ಮಗ ಕೊಳ್ಳೇಗಾಲದಲ್ಲಿ ಲೆಕ್ಚರರ್. ಹೊಸ ಕಾರು ತಂದಿದ್ದ. ಅದನ್ನು ನಿಲ್ಲಿಸಲು ಷೆಡ್ಡು ಬೇಕು, ಜಗಲಿ ಒಡೆಸಿ ಎಂದು ಹಠ ಹಿಡಿದ. ಯಜಮಾನರು ಮನಸ್ಸಿಲ್ಲದ ಮನಸ್ಸಿನಿಂದ ಗಾರೆ ಮೇಸ್ತ್ರಿಗೆ ಹೇಳಿಕಳಿಸಿದರು.

ಸಂಘದಿಂದ ಪ್ರತಿಭಟನೆ ಎಂದು ತೀರ್ಮಾನವಾಯಿತು. 'ಜಗಲಿ ಉಳಿಸಿ' ಎಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ನಾನೇ ಬರೆದು ಹಂಚಿದೆ. ಆದರೆ ಮೇಸ್ತ್ರಿ ಬರಬೇಕಾಗಿದ್ದ ದಿನ ಬೆಳಗ್ಗೆ ಯಜಮಾನರ ಮುಖ ನೋಡಿದ ಮೇಲೆ ಘೋಷಣೆ ಕೂಗಲು ಯಾರಿಗೂ ಬಾಯಿ ಬರಲಿಲ್ಲ. ಎಲ್ಲರೂ ಎಂದಿನಂತೆ ಜಗಲಿಯ ಮೇಲೆ ಕೂತರು. ಕಲ್ಲು ತಣ್ಣಗಿದೆ ಎಂದು ರಟ್ಟುಗಳನ್ನು ಕೆಳಗೆ ಹಾಸಿಕೊಂಡರು.

"ಎಲ್ರೂ ಬಂದ್ಬುಟ್ಟಿದ್ದೀರಿ, ಕಾಪಿ ಆಯ್ತಾ?" ಎಂದರು ಯಜಮಾನರು. ಇಲ್ಲ ಎಂದೆವು. ಒಳಗಿನಿಂದ ಕಾಫಿ ಬಂತು. ಅಷ್ಟರಲ್ಲಿ ಹಾರೆ, ಸುತ್ತಿಗೆ ಹೊತ್ತ ಮೇಸ್ತ್ರಿಯೂ ಬಂದ.

ನಮ್ಮ ಕಡೆ ಒಂದು ರಿವಾಜಿದೆ. ಜಗಲಿಯ ಮೇಲೆ ಕೂತವರನ್ನು ಮನೆಯವರು 'ಏಳಿ' ಎನ್ನುವಂತಿಲ್ಲ. ಕೋರ್ಟಿನಲ್ಲಿ ಎದುರು ನಿಂತವನೇ ಬಂದು ಕೂತಿದ್ದರೂ ಅಷ್ಟೇ, ಅವನಾಗಿಯೇ ಏಳಬೇಕು. ನಾವು ಏಳಲಿಲ್ಲ. ಯಜಮಾನರು ಬಾಗಿಲಲ್ಲಿ ನಿಂತು ಒಮ್ಮೆ ನಮ್ಮನ್ನು, ಒಮ್ಮೆ ಹಾರೆಯನ್ನು ನೋಡುತ್ತಿದ್ದರು. ಹನ್ನೆರಡು ಹೊಡೆಯಿತು. ಮೇಸ್ತ್ರಿಗೆ ತಾಳ್ಮೆ ಕೆಟ್ಟಿತು.

"ಒಸಿ ಏಳ್ರಪ್ಪ, ಒಡೀಬೇಕು."

ಯಜಮಾನರು ಅವನ ಮೇಲೆ ಎಗರಿದರು. "ಏನ್ಲಾ ಅಂದೆ? ನಮ್ ಜಗಲಿ ಮ್ಯಾಲ್ ಕುಂತೋರ್ನ ಏಳು ಅಂತೀಯಾ? ನಮ್ಮನೆ ಮರ್ವಾದೆ ಏನಾಯ್ತದೆ?"

"ನೀವೇ ಅಲ್ವಾ ಯಜಮಾನ್ರೇ, ಒಡೀ ಅಂದಿದ್ದು?"

"ಒಡೀ ಅಂದೆ ಕಣ್ಲಾ. ಏಳ್ಸು ಅಂದ್ನಾ?"

ಮೇಸ್ತ್ರಿ ಹಾರೆ ಹೊತ್ತು ವಾಪಸು ಹೋದ. ಇನ್ನು ಜಗಲಿ ಒಂದು ಗಳಿಗೆಯೂ ಖಾಲಿ ಇರಬಾರದೆಂದು ನಾನು ಬಸ್ಸಿನ ವೇಳಾಪಟ್ಟಿಯಂತೆ ಕೂರುವವರ ಪಾಳಿ ಬರೆಯತೊಡಗಿದೆ. ಯಜಮಾನರು ಹತ್ತಿರ ಬಂದು ಪಟ್ಟಿಯನ್ನು ಇಣುಕಿ ನೋಡಿದರು. ಬೈಯುತ್ತಾರೆಂದುಕೊಂಡೆ.

"ಎರಡರಿಂದ ನಾಕ್ ಗಂಟೆ ತಕ ಯಾರೂ ಇಲ್ವಲ್ಲಪ್ಪ. ಆ ಒತ್ತಲ್ಲಿ ನನ್ ಮಗ ಮೇಸ್ತ್ರಿನ ಕರ್ಕಂಡ್ ಬಂದ್ಬುಟ್ರೆ? ಅಲ್ಲಿಗೆ ನನ್ನೆಸ್ರು ಬರ್ಕೊ."

"ಜಗಲಿ ನಿಮ್ದೇ ಅಲ್ವಾ? ಬೇಡ ಅಂತ ಒಂದ್ ಮಾತು ಹೇಳಿದ್ರೆ ಮುಗೀತಲ್ಲ!" ಎಂದೆ.

"ಬ್ಯಾಡ ಅಂದ್ರೆ ಅವ್ನು ಕೇಳಕಿಲ್ಲ ಕಣಪ್ಪ" ಎಂದು ಯಜಮಾನರು ನನ್ನ ಪಕ್ಕದಲ್ಲೇ ಕೂತರು. "ಆದ್ರೆ ಕುಂತಿರೋ ಅಪ್ಪನ್ನ ಏಳು ಅನ್ನಕೆ ಅವ್ನಿಗೂ ಬಾಯ್ ಬರಕಿಲ್ಲ."