ತಾವು ಊಟಕ್ಕೆ ನಿಂತ ಮಧ್ಯಾಹ್ನದ ಕುರಿತು ರೈಟರ್ ಆನೆಯವರಿಗೆ

ಮಾನ್ಯರೇ, ಘನಗಾತ್ರರೇ,

ಆಲೂರಿನ ಗದ್ದೆಬಯಲಿನಿಂದ ಹೆತ್ತೂರಿನ ಘಟ್ಟದಂಚಿನವರೆಗೆ ಯಾರ ಬೇಲಿಗೂ ಬೆಲೆ ಕೊಡದೆ ಸಂಚರಿಸುವ ಒಂಟಿ ಸಲಗರಾದ ತಮ್ಮ ಪಾದಗಳಿಗೆ, ಕೆಸವಿನಗದ್ದೆ ವಿದ್ಯುತ್ ಉಪಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಆಗಿರುವ ರೊವೀನಾ ಎಂಬ ನಾನು ದೂರದಿಂದಲೇ, ಸಾಧ್ಯವಾದಷ್ಟು ದೂರದಿಂದಲೇ, ನಮಸ್ಕರಿಸುತ್ತೇನೆ. ತಾವು ಕ್ಷೇಮವೇ ಎಂದು ಕೇಳುವುದು ಪತ್ರದ ಪದ್ಧತಿಯಾದರೂ ನಾನು ಕೇಳುವುದಿಲ್ಲ. ತಮ್ಮ ಕ್ಷೇಮಕ್ಕಾಗಿ ಒಂದು ಇಡೀ ಮಧ್ಯಾಹ್ನ ಈ ಸೀಮೆಯವರೆಲ್ಲರಿಂದ ಬೈಸಿಕೊಂಡವಳು ನಾನೇ ಆದ್ದರಿಂದ ಆ ವಿಷಯ ನನಗೆ ಚೆನ್ನಾಗಿಯೇ ಗೊತ್ತಿದೆ.

ತಮ್ಮ ಹೆಸರಿನ ಬಗ್ಗೆ ಮೊದಲೇ ಕ್ಷಮೆ ಕೋರುತ್ತೇನೆ. ಎಸ್ಟೇಟುಗಳಲ್ಲಿ ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಳ್ಳುವ ರೈಟರ್ ಹೇಗೆ ಪ್ರತಿ ಲೈನ್ ಮನೆಯ, ಅಂದರೆ ಆಳುಗಳ ಸಾಲುಮನೆಯ, ಮುಂದೆ ಒಂದು ಗಳಿಗೆ ನಿಂತು, ಎಲ್ಲರನ್ನೂ ಅನುಮಾನದಿಂದ ನೋಡಿ ಮುಂದೆ ಹೋಗುತ್ತಾರೋ ಹಾಗೆಯೇ ತಾವೂ ಮಾಡುತ್ತೀರಿ ಎಂಬ ಕಾರಣಕ್ಕೆ ಜನ ತಮಗೆ ಈ ಹೆಸರಿಟ್ಟಿದ್ದಾರೆ. ನಿಜವಾದ ರೈಟರುಗಳು ಇದಕ್ಕೆ ಬೇಸರ ಮಾಡಿಕೊಂಡಿದ್ದಾರೆಂದು ಕೇಳಿದ್ದೇನೆ. ತಾವು ಮಾಡಿಕೊಳ್ಳದಿರುವುದು ತಮ್ಮ ದೊಡ್ಡತನ.

ಇನ್ನು ನನ್ನ ಕೆಲಸವೇನೆಂದು ತಿಳಿಸುವುದು ನನ್ನ ಕರ್ತವ್ಯ. ಸಾಲಾಗಿ ನಿಂತ ಕಬ್ಬಿಣದ ಪ್ಯಾನೆಲ್‌ಗಳ ಎದುರು ಕುರ್ಚಿ ಹಾಕಿಕೊಂಡು, ಯಾವ ಲೈನಿನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆಯೆಂದು ಮೀಟರಿನ ಮುಳ್ಳುಗಳನ್ನು ನೋಡುತ್ತಾ ಕೂರುವುದು. ಮುಳ್ಳು ಬಿದ್ದರೆ ಏಕೆ ಬಿತ್ತೆಂದು ತಿಳಿಯುವುದು. ತಿಳಿಯುವವರೆಗೆ ಫೋನಿನಲ್ಲಿ ಬೈಸಿಕೊಳ್ಳುವುದು. ಲೈನ್‌ಮ್ಯಾನ್ ಕಂಬ ಹತ್ತುವ ಮುನ್ನ ನನ್ನಿಂದ ಲೈನ್ ಕ್ಲಿಯರ್ ಪಡೆಯುತ್ತಾನೆ. ಅಂದರೆ, ಅವನು ಇಳಿದು ಬಂದು ಆಯಿತೆನ್ನುವವರೆಗೆ ಆ ಲೈನಿಗೆ ಕರೆಂಟ್ ಬಿಡುವುದಿಲ್ಲ ಎಂದು ನಾನು ಕೊಡುವ ಮಾತು. ನಮ್ಮ ಕೆಲಸವೆಲ್ಲ ನಿಂತಿರುವುದು ಈ ಮಾತಿನ ಮೇಲೆಯೇ. ತಾವು ಇಂತಹ ಯಾವ ಮಾತನ್ನೂ ಯಾರಿಂದಲೂ ಪಡೆಯದೆ ನೇರವಾಗಿ ಕೆಲಸಕ್ಕಿಳಿದಿರಿ ಎಂಬುದೇ ನನ್ನ ದೂರಿನ ಮೊದಲ ಅಂಶ.

ಅಂದು ಶನಿವಾರ. ನನ್ನ ತಂಗಿ ಡೆಲ್ಸಿಯ ರೋಸ್. ಮದುವೆಯ ಹಿಂದಿನ ದಿನ ಹುಡುಗಿಯನ್ನು ಕೂರಿಸಿ, ಬಂಧುಗಳೆಲ್ಲ ಒಬ್ಬೊಬ್ಬರಾಗಿ ತೆಂಗಿನ ಹಾಲು ಹಚ್ಚಿ ತಲೆಗೆ ಸುರಿದು ಹರಸುವ ಶಾಸ್ತ್ರವನ್ನು ನಾವು ಮಂಗಳೂರು ಕಡೆಯಿಂದ ಬಂದ ಕ್ರೈಸ್ತರು ಹಾಗೆ ಕರೆಯುತ್ತೇವೆ. ನಮ್ಮ ತಂದೆ ತೀರಿಕೊಂಡ ಮೇಲೆ ಆ ಹುಡುಗಿಗೆ ಜಡೆ ಹಾಕಿ ಶಾಲೆಗೆ ಕಳುಹಿಸಿದವಳು ನಾನಾದ್ದರಿಂದ, ಮೊದಲ ಬೊಗಸೆ ಹಾಲು ನಾನೇ ಹಾಕಬೇಕೆಂದು ಅವಳು ವರ್ಷದಿಂದ ಹೇಳಿಕೊಂಡು ಬಂದಿದ್ದಳು. ರಜೆ ಸಿಗಲಿಲ್ಲ; ಬೆಳಗಿನ ಪಾಳಿ ಸಿಕ್ಕಿತು. ಮಧ್ಯಾಹ್ನ ಆಲೂರಿನಿಂದ ಕುಮಾರ್ ಬಂದು ನನ್ನ ಕುರ್ಚಿಯಲ್ಲಿ ಕೂತರೆ, ನಾನು ಸ್ಕೂಟರ್ ಹತ್ತಿ ಯಸಳೂರು ದಾರಿಯ ನಮ್ಮ ಮನೆಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಹೊಸ ಸೀರೆಯನ್ನೂ ಚೀಲದಲ್ಲಿ ತಂದು ಬ್ಯಾಟರಿ ಕೋಣೆಯ ಮೊಳೆಗೆ ನೇತುಹಾಕಿದ್ದೆ.

ಊಟದ ಹೊತ್ತಿಗೆ ಹೂಟರ್ ಕೂಗಿತು. ಯಸಳೂರು ದಾರಿಯ ಲೈನಿನ ಮುಳ್ಳು ಸೊನ್ನೆಗೆ ಬಿದ್ದಿತ್ತು. ಎಲ್ಲೋ ಏನೋ ತಾಗಿ ಯಂತ್ರ ತಾನಾಗಿಯೇ ಕರೆಂಟನ್ನು ಕಡಿದಿತ್ತು. ಹೀಗಾದಾಗ ಕೊಂಚ ಹೊತ್ತು ಕಾದು, ಒಮ್ಮೆ ಮತ್ತೆ ಹಾಕಿ ನೋಡುವುದು ರೂಢಿ. ಕೊಂಬೆಯೋ ಬಾವಲಿಯೋ ತಾಗಿ ಕೆಳಗೆ ಬಿದ್ದಿದ್ದರೆ ಕರೆಂಟ್ ಮತ್ತೆ ಕಡಿಯದೆ ಹರಿಯುತ್ತದೆ. ನಾನು ಪ್ಯಾನೆಲ್ಲಿನ ಹಿಡಿಗೆ ಕೈಹಾಕುವಷ್ಟರಲ್ಲಿ ಫೋನ್ ರಿಂಗಾಯಿತು. ಎಸ್ಟೇಟಿನ ಲೈನ್ ಮನೆಗಳಲ್ಲಿ ಕೊನೆಯದರಲ್ಲಿರುವ ಚೌಡಮ್ಮ.

"ಕರೆಂಟ್ ಆಪೀಸಾ? ಕೊಡ್ಬ್ಯಾಡಿ ಕಣವ್ವ, ಕರೆಂಟ್ ಕೊಡ್ಬ್ಯಾಡಿ! ರೈಟರ್ ಆನೆ ಬೈನೆ ಮರ ಕೆಡವ್ಬುಟ್ಟೈತೆ. ಮರ ರಸ್ತೆಗಡ್ಡ, ತಂತಿ ಅದ್ರ ಬೆನ್ ಮ್ಯಾಲೆ!"

"ಆನೆಗೇನಾದ್ರೂ ಆಯ್ತಾ?" ಎಂದೆ.

"ಅದುಕ್ಕೇನಾದದು? ಉಣ್ತಾ ನಿಂತೈತೆ."

ಮಾನ್ಯರೇ, ತಮ್ಮ ಊಟದ ಅಭಿರುಚಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಬೈನೆ ಮರದ ಒಳಗಿನ ತಿರುಳು ತಮ್ಮವರಿಗೆ ಪರಮಪ್ರಿಯವೆಂದು ಬಲ್ಲವರು ಹೇಳುತ್ತಾರೆ. ಆದರೆ ಇಡೀ ಬೆಟ್ಟಸಾಲಿನಲ್ಲಿ ನಿಂತಿರುವ ಅಷ್ಟೊಂದು ಬೈನೆ ಮರಗಳಲ್ಲಿ, ನನ್ನ ತಂಗಿಯ ರೋಸಿನ ದಿನ, ನನ್ನ ಮನೆಗೆ ಹೋಗುವ ಲೈನಿನ ಪಕ್ಕದಲ್ಲಿದ್ದ, ಕುಮಾರ್ ಬರುವ ಬಸ್ಸಿನ ರಸ್ತೆಗೇ ಬೀಳುವಂತಿದ್ದ ಒಂದೇ ಒಂದು ಮರವನ್ನು ಆರಿಸಿದ ತಮ್ಮ ಸೂಕ್ಷ್ಮಬುದ್ಧಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ನಾನು ಹಿಡಿಯಿಂದ ಕೈ ತೆಗೆದು, ಮುಟ್ಟಬಾರದೆಂಬ ಕೆಂಪು ಹಲಗೆಯನ್ನು ಅದಕ್ಕೆ ತೂಗುಹಾಕಿ, ಲೈನ್‌ಮ್ಯಾನ್ ವಸೀಂನನ್ನು ಕಳುಹಿಸಿದೆ. ಅರಣ್ಯದವರಿಗೂ ತಿಳಿಸಿದೆ. ಸೆಕ್ಷನ್ ಆಫೀಸರಿಗೆ ಫೋನ್ ಮಾಡಿದಾಗ ಅವರು, "ಆನೆ ಜಾಗ ಬಿಡೋ ತನಕ ಮುಟ್ಬೇಡಿ, ಯಾರು ಏನಂದ್ರೂ ನನ್ನ ಹೆಸರು ಹೇಳಿ," ಎಂದರು. ಹೇಳಿದೆ. ಜನ ಅವರಿಗೂ ಬೈದು ನನಗೂ ಬೈದರು.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಲ್ಲಿ ಅರ್ಧ ಹಣ್ಣು ನಿಂತಿದೆಯೆಂದು ಎಸ್ಟೇಟಿನವರೊಬ್ಬರು, ಮಗುವಿನ ಆನ್‌ಲೈನ್ ಪಾಠವೆಂದು ಇನ್ನೊಬ್ಬರು ಕರೆ ಮಾಡಿದರು. ನಿವೃತ್ತ ಶಿಕ್ಷಕಿ ರಾಜಲಕ್ಷ್ಮಮ್ಮನವರು ಮಾತ್ರ ಸಮಾಧಾನದಿಂದ ಎಲ್ಲವನ್ನೂ ಕೇಳಿಸಿಕೊಂಡು, "ಗ್ರೈಂಡರಲ್ಲಿ ಅಕ್ಕಿ ಅರ್ಧ ರುಬ್ಬಿದೆ ಕಣಮ್ಮ. ಆ ಆನೆಗೆ ಬೇರೆ ಕಡೆ ಒಂದು ಮರ ತೋರಿಸೋಕಾಗಲ್ವಾ?" ಎಂದರು. ಆಗಲಿ, ತಿಳಿಸುತ್ತೇನೆಂದೆ. ಇದೀಗ ತಿಳಿಸುತ್ತಿದ್ದೇನೆ.

ಆಮೇಲೆ ನನ್ನ ತಾಯಿ ಪೆಟ್ರೀಷಿಯಾ. ನಮ್ಮ ಮನೆಯ ಮಾತು ಕೊಂಕಣಿ. ತಮಗೆ ಅದರ ಪರಿಚಯ ಇರಲಾರದೆಂದು ಇಲ್ಲಿಯ ಕನ್ನಡಕ್ಕೆ ತಂದಿದ್ದೇನೆ. "ತೆಂಗಿನಕಾಯಿ ತುರಿದಿಟ್ಟೀವಿ, ಮಿಕ್ಸಿ ತಿರುಗ್ತಾ ಇಲ್ಲ, ಮೈಕು ಸತ್ತೋಗೈತೆ. ನೆಂಟರೆಲ್ಲ ಕೇಳ್ತಾವ್ರೆ, ನಿಮ್ಮ ಮಗಳು ಕರೆಂಟ್ ಆಫೀಸಲ್ಲಿ ಇರೋದಲ್ವಾ ಅಂತ. ನಾನೇನು ಹೇಳ್ಲಿ?"

"ಆನೆ ಊಟ ಮಾಡ್ತಾ ಐತೆ ಅನ್ನಮ್ಮ."

"ಅದರ ಊಟ ಆದ್ಮೇಲೆ ನಮ್ಮದಾ?" ಎಂದು ಫೋನಿಟ್ಟರು. ತಾವು ಕರೆಯದೆ ಬಂದ ಅತಿಥಿಯಾದರೂ ಮೊದಲ ಪಂಕ್ತಿಯಲ್ಲಿ ಊಟಕ್ಕೆ ನಿಂತಿರಿ ಎಂಬುದನ್ನು ನಮ್ಮ ತಾಯಿ ಈಗಲೂ ಮರೆತಿಲ್ಲ.

ಹೊತ್ತು ಇಳಿಯಿತು. ಕುಮಾರ್ ಬಸ್ಸಿನಲ್ಲೇ ಸಿಕ್ಕಿಕೊಂಡಿದ್ದ. ಅವನು ಬರುವವರೆಗೆ ನಾನು ಎದ್ದು ಹೋಗುವಂತಿರಲಿಲ್ಲ. ಕಂಟ್ರೋಲ್ ರೂಮನ್ನು ಖಾಲಿ ಬಿಡುವುದೆಂದರೆ ಬಸ್ಸಿನ ಡ್ರೈವರ್ ಸೀಟು ಖಾಲಿ ಬಿಟ್ಟಂತೆ. ವಸೀಂ ಹೋದ ತಿರುವಿನಲ್ಲಿ ನೆಟ್‌ವರ್ಕ್ ಇಲ್ಲದ್ದರಿಂದ ಅವನ ಸುದ್ದಿಯೂ ಇಲ್ಲ. ಚೌಡಮ್ಮ ಫೋನ್ ಎತ್ತಲಿಲ್ಲ. ಆಗ ಒಂದು ಕರೆ ಬಂತು. ಗಡಸು ದನಿ, ಸ್ವಲ್ಪ ಜಾಸ್ತಿಯೇ ಗಡಸು.

"ನಮಸ್ಕಾರ ಮೇಡಂ, ನಾನು ಹೆತ್ತೂರ್ ಕಡೆ ರೈತ. ಆನೆ ಹೋಗ್ಬುಡ್ತು ಕಣ್ರೀ. ಹಳ್ಳ ದಾಟಿದ್ದನ್ನ ನಾನೇ ಕಣ್ಣಾರೆ ಕಂಡೆ. ನಿಮ್ಮೋರು ತಂತಿನೂ ಎತ್ತಿ ಕಟ್ಟವ್ರೆ. ಇನ್ನು ಕೊಡಿ ಕರೆಂಟು."

ಮಾನ್ಯರೇ, ಇದನ್ನು ಹಾಸ್ಯ ಮಾಡದೆ ಹೇಳುತ್ತೇನೆ. ನನಗೆ ನಂಬಬೇಕೆನಿಸಿತು. ಫೋನು ಕಿವಿಗಿಟ್ಟುಕೊಂಡೇ ಪ್ಯಾನೆಲ್ಲಿನ ಮುಂದೆ ಹೋಗಿ ನಿಂತೆ. ಹಿಡಿ ತಿರುಗಿಸಿದರೆ ಮಿಕ್ಸಿ ತಿರುಗುತ್ತದೆ, ಮೈಕು ಮಾತಾಡುತ್ತದೆ, ನೆಂಟರ ಬಾಯಿ ಮುಚ್ಚುತ್ತದೆ. "ತಾವು ನಿಂತಿರೋ ಜಾಗ ಯಾವುದು?" ಎಂದು ಕೇಳಿದೆ. ಅವರು ಯೋಚಿಸತೊಡಗಿದರು. ಆ ಮೌನದಲ್ಲಿ ಅವರ ಹಿಂದಿನಿಂದ ಒಂದು ಹೆಂಗಸಿನ ದನಿ ಅಚ್ಚ ಕೊಂಕಣಿಯಲ್ಲಿ ಕೇಳಿಸಿತು: "ಪ್ಯಾಟ್ರಿಕ್, ಅಲ್ಲಿ ನಿಂತ್ಕೊಂಡು ಯಾರ ಹತ್ರ ಮಾತು? ಕುರ್ಚಿ ಹಾಕು ಬಾ!"

ಅದು ನನ್ನ ತಾಯಿಯ ದನಿ. ಹೆತ್ತೂರಿನ ರೈತರು ನನ್ನ ಸೋದರಮಾವ.

"ಮಾವಾ!" ಎಂದು ಕೂಗಿದೆ.

"ರಾಂಗ್ ನಂಬರ್," ಎಂದು ಮಾವ ಫೋನಿಟ್ಟರು.

ನಗು ಬರಬೇಕಿತ್ತು, ಬರಲಿಲ್ಲ. ಅಷ್ಟರಲ್ಲೇ ಚೌಡಮ್ಮನ ಕರೆ. ಫೋನನ್ನು ಸೌದೆಯ ಮೇಲಿಟ್ಟು ಮರೆತಿದ್ದರಂತೆ. "ಎಲ್ಲೋಗೈತೆ? ಇಲ್ಲೇ ಐತೆ ಕಣವ್ವ, ತಂತಿ ದಂತಕ್ ಸುತ್ಕೊಂಡು. ನಿಮ್ ವಸೀಂ ಬಂದವ್ನೆ. ಬಿದ್ದಿರೋ ಕಂಬದ ಪಕ್ಕ ಹಳ್ಳದಾಗೆ ಬಚ್ಚಿಟ್ಕೊಂಡವ್ನೆ, ಅಲ್ಲಾಡಂಗಿಲ್ಲ." ನಾನು ಕುರ್ಚಿಗೆ ಬಂದು ಕೂತೆ. ತಮ್ಮನ್ನು ನಾನು ಇವತ್ತಿನವರೆಗೂ ಕಣ್ಣಿನಿಂದ ಕಂಡಿಲ್ಲ, ವಸೀಂನನ್ನು ದಿನವೂ ಕಾಣುತ್ತೇನೆ. ಆ ಗಳಿಗೆಯಲ್ಲಿ ಇಬ್ಬರೂ ನನ್ನ ಕಣ್ಣೆದುರೇ ಒಂದೇ ತಂತಿಯ ಪಕ್ಕ ನಿಂತಿದ್ದಿರಿ. ಮತ್ತೆ ಎದ್ದು ಹೋಗಿ, ಹಿಡಿಗೆ ತೂಗುಹಾಕಿದ್ದ ಕೆಂಪು ಹಲಗೆಯನ್ನು ಇನ್ನೊಮ್ಮೆ ಬಿಗಿದು ಬಂದೆ.

ಆಮೇಲೆ ಯಾರು ಕರೆ ಮಾಡಿದರೂ, ಅವರು ಬಿಷಪ್ಪರೇ ಆಗಿದ್ದರೂ, ವಸೀಂನ ದನಿ ಕೇಳುವವರೆಗೆ ಆ ಕೆಂಪು ಹಲಗೆಯನ್ನು ತೆಗೆಯುವುದಿಲ್ಲವೆಂದು ನಿಶ್ಚಯಿಸಿಕೊಂಡೆ. ಡೆಲ್ಸಿಯೂ ಮಾಡಿದಳು. "ಅಕ್ಕ, ಬರ್ತೀಯಾ ಇಲ್ವಾ?" ಎಂದಳು. "ನೀವು ಶುರು ಮಾಡಿ," ಎಂದೆ. ಸರಿಯೆಂದು ಫೋನಿಟ್ಟಳು. ಬೈದಿದ್ದರೆ ಸುಲಭವಾಗುತ್ತಿತ್ತು.

ತಾವು ತಿಂದು ಮುಗಿಸಿದ್ದನ್ನು ವಸೀಂ ಚೌಡಮ್ಮನ ಮನೆಗೆ ಓಡಿಬಂದು ಅವರ ಫೋನಿನಲ್ಲಿ ಹೇಳಿದ್ದು ಹೀಗೆ: "ಮೇಡಂ, ದಂತಕ್ಕೆ ಸುತ್ತಿದ್ದ ತಂತಿನ ಸೊಂಡಿಲಲ್ಲಿ ದಾರದಂಗೆ ಬಿಚ್ಚಿ ಆಕಡೆ ಎಸೆದ್ಬುಟ್ಟ. ನನ್ನನ್ನೊಂದ್ಸಲ ನೋಡ್ದ. ಆಮೇಲೆ ರಸ್ತೆ ಹಿಡ್ಕೊಂಡು ಹೋಗ್ಬುಟ್ಟ, ಮಾರಾಯ್ತಿ!" ಐದು ವರ್ಷದಿಂದ ನನ್ನನ್ನು ಮೇಡಂ ಎನ್ನುತ್ತಿದ್ದವನು ಮಾರಾಯ್ತಿ ಎಂದದ್ದು ಅದೇ ಮೊದಲು. ತಾವು ರಸ್ತೆ ಹಿಡಿದದ್ದು ಕುಮಾರ್ ಕೂತಿದ್ದ ಬಸ್ಸಿನ ಮುಂದೆಯೇ. ಅರಣ್ಯದವರು ಮರ ಸರಿಸಿದ ಮೇಲೆ, ತಾವು ನಡೆದಷ್ಟು ಬಸ್ಸು ನಡೆಯಿತು, ತಾವು ನಿಂತು ಕಿವಿ ಬೀಸಿಕೊಂಡಾಗ ಬಸ್ಸೂ ನಿಂತಿತು. ಮಂತ್ರಿಗಳ ಕಾರಿಗೂ ಇಂತಹ ಗಾಂಭೀರ್ಯದ ಬೆಂಗಾವಲು ಸಿಕ್ಕಿರಲಾರದು.

ವಸೀಂ ಲೈನ್ ಕ್ಲಿಯರ್ ಪಡೆದು, ಜೊತೆಯವರನ್ನು ಕರೆಸಿಕೊಂಡು, ಕಂಬ ನಿಲ್ಲಿಸಿ ತಂತಿ ಎಳೆದ. ಕೊನೆಗೆ, "ಲೈನ್ ಕ್ಲಿಯರ್ ವಾಪಸ್ ತಗೊಳ್ಳಿ. ನಾನು, ನಮ್ ಹುಡುಗ್ರು ಎಲ್ಲಾ ಕೆಳಗಿದೀವಿ," ಎಂದ. ಮತ್ತೊಮ್ಮೆ ಹೇಳಿಸಿದೆ. ಹಿಡಿ ತಿರುಗಿಸಿದೆ. ಮುಳ್ಳು ಎದ್ದು ನಿಂತಿತು. ಬೆಟ್ಟದ ಆಚೆ ಎಷ್ಟೋ ಮನೆಗಳಲ್ಲಿ ಜನ "ಬಂತು!" ಎಂದಿರುತ್ತಾರೆ. ನನಗೆ ಕೇಳಿಸುವುದು ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಮಾತ್ರ.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ಇನ್ನು ಮುಂದೆ ಮರ ಕೆಡವುವ ಮುನ್ನ ಹಿಂದಿನ ದಿನವೇ ನನ್ನ ಉಪಕೇಂದ್ರಕ್ಕೆ ಬಂದು ಲೈನ್ ಕ್ಲಿಯರ್ ಪಡೆಯಬೇಕು; ಗೇಟು ಚಿಕ್ಕದು, ದಯವಿಟ್ಟು ಹೊರಗಿನಿಂದಲೇ ಘೀಳಿಡಬೇಕು. ಕಾಫಿ ಕೊಯ್ಲಿನ ತಿಂಗಳಲ್ಲಿ ತಾವು ಹಗಲೂಟವನ್ನು ಬಿಟ್ಟು ಫಲಾಹಾರದಲ್ಲಿರಬೇಕು. ನಮ್ಮ ಸಮುದಾಯದ ಮದುವೆಗಳ ದಿನಾಂಕವನ್ನು ಪಾದ್ರಿಗಳು ಪೂಜೆಯಲ್ಲಿ ಓದಿ ಹೇಳುತ್ತಾರೆ. ಭಾನುವಾರ ಚರ್ಚಿನ ಹಿಂದಿನ ತೋಟದಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡರೆ ನಮ್ಮಿಬ್ಬರಿಗೂ ಅನುಕೂಲ. ಇವೆಲ್ಲ ಆಗದಿದ್ದರೆ, ಊಟ ಮುಗಿದ ಮೇಲಾದರೂ ನನ್ನ ಮಾವನ ಮನೆಯ ಮುಂದೆ ಹಾದು, ತಾವು ಇನ್ನೂ ಹಳ್ಳ ದಾಟಿಲ್ಲವೆಂದು ಅವರಿಗೆ ಖುದ್ದಾಗಿ ತಿಳಿಸಬೇಕು.

ಕುಮಾರನಿಗೆ ಕುರ್ಚಿ ಬಿಟ್ಟು ನಾನು ಮನೆ ತಲುಪುವಾಗ ಕತ್ತಲಾಗುತ್ತಿತ್ತು. ಸೀರೆ ಉಡಲು ಪುರುಸೊತ್ತಾಗದೆ ಡ್ಯೂಟಿಯ ಚೂಡಿದಾರದಲ್ಲೇ ಹೋದೆ. ಚಪ್ಪರದ ದೀಪಗಳೆಲ್ಲ ಉರಿಯುತ್ತಿದ್ದವು, ಮೈಕಿನವನು ಹಲೋ ಹಲೋ ಎನ್ನುತ್ತಿದ್ದ, ಅರ್ಧ ಜನ ಊಟಕ್ಕೆ ಕೂತಿದ್ದರು. ಮುಗಿದೇ ಹೋಯಿತೆಂದುಕೊಂಡೆ. ಚಪ್ಪರದ ನಡುವೆ ಡೆಲ್ಸಿ ಹಾಗೆಯೇ ಕೂತಿದ್ದಳು. ಒರಳಿನಲ್ಲಿ ರುಬ್ಬಿ ಹಿಂಡಿದ ತೆಂಗಿನ ಹಾಲನ್ನು ಊರಿನವರೆಲ್ಲ ಅವಳ ತಲೆಗೆ ಸುರಿದಾಗಿತ್ತು. ಕೂದಲು ಹಗ್ಗದಂತೆ ಅಂಟಿಕೊಂಡಿತ್ತು, ಹಾಲು ಕೆನ್ನೆಯ ಮೇಲೆ ಒಣಗಿ ಬಿರುಕು ಬಿಟ್ಟಿತ್ತು. ಅಕ್ಕ ಹಾಕದೆ ಸ್ನಾನಕ್ಕೆ ಏಳುವುದಿಲ್ಲವೆಂದು ಹಟ ಹಿಡಿದು ಕೂತುಬಿಟ್ಟಿದ್ದಾಳೆಂದು ಅಮ್ಮ ಹೇಳಿದರು. ಮಾವ ಪ್ಯಾಟ್ರಿಕ್ ಎಲ್ಲೂ ಕಾಣಲಿಲ್ಲ.

"ನಿನ್ನಿಂದ ಕರೆಂಟ್ ಹೋಯ್ತು ಅಂತ ಎಲ್ಲಾ ಬೈದ್ರು," ಎಂದಳು ಡೆಲ್ಸಿ. "ನಾನೂ ಬೈದೆ. ಆನೆ ಬದುಕ್ತಾ?"

"ಬದುಕ್ತು."

"ಹಂಗಾದ್ರೆ ಬೇಗ ಹಾಕು, ಇರುವೆ ಕಚ್ತಾ ಅವೆ."

ಬೊಗಸೆ ತುಂಬ ಹಾಲು ತೆಗೆದುಕೊಂಡೆ. ಸ್ವಲ್ಪ ಒಡೆದು ಹುಳಿ ವಾಸನೆ ಬರುತ್ತಿತ್ತು. ಅವಳ ನೆತ್ತಿಯ ಮೇಲೆ ಸುರಿದಾಗ ಇಬ್ಬರೂ ಅತ್ತೆವು. ಯಾವುದು ಹಾಲು, ಯಾವುದು ಕಣ್ಣೀರೆಂದು ಆ ದೀಪದ ಬೆಳಕಿನಲ್ಲೂ ಯಾರಿಗೂ ತಿಳಿಯಲಿಲ್ಲ.

ತಮ್ಮನ್ನು ಕಾಣದೆಯೇ ಕಾಯುವ
ತಮ್ಮ ವಿಶ್ವಾಸಿ,
ರೊವೀನಾ
ಆಪರೇಟರ್, ಕೆಸವಿನಗದ್ದೆ ಉಪಕೇಂದ್ರ

ಮರೆತ ಮಾತು: ತಾವು ತಲೆತಲಾಂತರದಿಂದ ನಡೆದಾಡುವ ಆ ದಾರಿಯಲ್ಲಿ ತಂತಿಗಳು ತಮ್ಮ ಬೆನ್ನಿಗೆ ತಾಗುವಷ್ಟು ಜೋತುಬಿದ್ದಿವೆ, ಕಂಬಗಳನ್ನು ಎತ್ತರಿಸಿಕೊಡಿ ಎಂದು ಮೇಲಿನವರಿಗೂ ಬರೆದಿದ್ದೇನೆ. ತಮಗೆ ಓದು ಬರಹ ಬರುವುದಿಲ್ಲವೆಂಬುದು ಗೊತ್ತಿದ್ದರೂ, ಇಬ್ಬರಲ್ಲಿ ಮೊದಲ ಉತ್ತರ ತಮ್ಮಿಂದಲೇ ಬರುವುದೆಂದು ನಿರೀಕ್ಷಿಸಿದ್ದೇನೆ.