ಹುಳು ಕರೆದ ಮದುವೆ

ಲಗ್ನಪತ್ರಿಕೆಯನ್ನು ಬಿಡಿಸಿ ನೋಡದೆ ಬದಿಗಿಡುವ ಧೈರ್ಯ ನಮ್ಮ ನಾರಾಯಣಪೇಟೆಯಲ್ಲಿ ಯಾರಿಗೂ ಇಲ್ಲ. ಹೋಗುವುದು, ಬಿಡುವುದು ಆಮೇಲಿನ ಮಾತು. ಬಿಡಿಸಿ ನೋಡದಿದ್ದರೆ ಕರೆದವರಿಗೆ ಅವಮಾನ. ಸೀರೆ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು ನಾನು. ಮಕ್ತಲದ ನೂಲಿನ ಅಂಗಡಿಯಿಂದ ‘ಲಗ್ನಪತ್ರಿಕೆ, ತಪ್ಪದೆ ನೋಡಿರಿ’ ಎಂಬ ಇಮೇಲ್ ಬಂದಾಗ ಅದರ ಜೊತೆಗಿದ್ದ ಫೈಲನ್ನು ನಾನು ಒತ್ತಿದ್ದು ಈ ಮರ್ಯಾದೆಗಾಗಿಯೇ. ಅದು ತೆರೆಯಲಿಲ್ಲ. ಮರ್ಯಾದೆ ಸಾಲದಾಯಿತೇನೋ ಎಂದು ಇನ್ನೂ ಮೂರು ಸಲ ಒತ್ತಿದೆ.

ಒಳಗಿದ್ದದ್ದು ಹುಳು. ಸೀರೆ ಪೆಟ್ಟಿಗೆಯ ಹುಳುವಾಗಿದ್ದರೆ ನುಸಿಗುಳಿಗೆ ಇಟ್ಟು ಓಡಿಸಬಹುದಿತ್ತು. ಇದು ಕಂಪ್ಯೂಟರಿನ ಹುಳು. ಒಳಹೊಕ್ಕಿದ್ದೇ ತಡ, ನನ್ನ ವಿಳಾಸಗಳ ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ಅದೇ ಪತ್ರಿಕೆಯನ್ನು ನನ್ನ ಹೆಸರಿನಲ್ಲಿ ಕಳಿಸಿಬಿಟ್ಟಿತು. ಅವರಲ್ಲಿ ಯಾರು ಒತ್ತಿದರೂ ಅವರ ಪಟ್ಟಿಗೂ ಇದೇ ಗತಿ. ನನಗೋ ನಲವತ್ತಮೂರು. ಮದುವೆಯಾಗಿಲ್ಲ, ಆಗುವ ಯೋಚನೆಯೂ ಇಲ್ಲ. ‘ಯಾವಾಗ?’ ಎಂದು ಕೇಳುವವರ ಬಾಯಿ ಮುಚ್ಚಿಸಲು ಹದಿನೈದು ವರ್ಷ ಹಿಡಿದಿತ್ತು. ಆ ನೆಮ್ಮದಿಯನ್ನು ಹುಳು ಒಂದೇ ಮಧ್ಯಾಹ್ನದಲ್ಲಿ ತಿಂದು ಮುಗಿಸಿತು.

ಮೊದಲ ಫೋನು, ನಮಗೆ ಸೀರೆ ನೇಯಿಸಿಕೊಡುವ ಧನ್ವಾಡದ ವೆಂಕಟಪ್ಪನವರದು.

“ಅಕ್ಕಾರ, ಪತ್ರಿಕಿ ಒಟ್ಟ ತೆರೀವಲ್ದುರೀ. ನಿಮಗ ಬ್ಯಾಸರ ಆಗಬಾರದಂತ ಬಾಜೂ ಅಂಗಡಿ ಕಂಪ್ಯೂಟರಿಗೂ ಕಳಿಸಿ ಒತ್ತಿ ನೋಡಿದ್ವಿ. ಅಲ್ಲೂ ಹಂಗ. ವರ ಯಾ ಊರವ್ರು?”

“ಮದುವಿ ಅಲ್ರೀ, ಅದು ಹುಳ!” ಎಂದು ಕಿರುಚಿದೆ.

“ನಾಚಿಗಿ ಪಡಬ್ಯಾಡ್ರಿ ಅಕ್ಕಾರ, ವಯಸ್ಸೇನ್ ಮಹಾ?”

ನೋಡಿ, ಹುಳುವಿಗೆ ಕಾಲಿರಲಿಲ್ಲ; ನಮ್ಮ ಜನರ ಒಳ್ಳೆಯತನವೇ ಅದನ್ನು ಹೊತ್ತು ತಿರುಗಿತು. ಮರುದಿನದ ಮೊದಲ ಬಸ್ಸಿಗೆ ಗದ್ವಾಲದಿಂದ ಚಿಕ್ಕಮ್ಮ ಬಂದಿಳಿದಳು. ಅವಳ ಮಗನ ಅಂಗಡಿಗೂ ಪತ್ರಿಕೆ ತಲುಪಿತ್ತು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಚಹಾ ಮುಗಿಸುವವರೆಗೆ ಸಮಾಧಾನವಾಗಿ ಕೇಳಿದಳು.

“ಹುಳ ಕಳಿಸ್ತೋ, ನೀ ಕಳಿಸಿದ್ಯೋ, ಜನಾನ್ನಂತೂ ಕರದಾತು. ಇನ್ನ ವರನ್ನ ಹುಡಕೂದಷ್ಟ ಬಾಕಿ ಐತಿ.”

ನನಗೆ ನಿಜವಾಗಿ ಅಳು ಬಂತು. ಅವಳು ಅದನ್ನೂ ಮದುವೆಯ ಹೆಣ್ಣಿನ ಲಕ್ಷಣವೆಂದೇ ತಿಳಿದಳು.

ವಾರದೊಳಗೆ ರಿಪೇರಿಯವರು ಬಂದು ಕಂಪ್ಯೂಟರ್ ಶುದ್ಧ ಮಾಡಿದರು. ಕಳಿಸಿದವರಿಗೆ ಫೋನ್ ಮಾಡಿ ಕೇಳದೆ ಇನ್ನು ಯಾವ ಫೈಲನ್ನೂ ಒತ್ತುವುದಿಲ್ಲವೆಂದು ಸಾಹುಕಾರರು ಎಲ್ಲರೆದುರು ನನ್ನಿಂದ ಮಾತು ತೆಗೆದುಕೊಂಡರು. ಮರುದಿನವೇ ಚಿಕ್ಕಮ್ಮನ ಮಗನಿಂದ ಇಮೇಲ್ ಬಂತು: ‘ವರನ ಫೋಟೋ’. ಜೊತೆಗೊಂದು ಫೈಲು. ಫೋನ್ ಮಾಡಿ ಕೇಳೋಣವೆಂದರೆ, ಹುಡುಗಿಗೆ ಆಸೆ ಹುಟ್ಟಿದೆ ಎಂದು ಚಿಕ್ಕಮ್ಮ ಛತ್ರವನ್ನೇ ಗೊತ್ತುಮಾಡಿಬಿಡುತ್ತಾಳೆ. ಬಿಟ್ಟುಬಿಡೋಣವೆಂದರೆ ಕೈ ಕೇಳುವುದಿಲ್ಲ. ದೇವರೇ, ಇದು ಹುಳುವೇ ಆಗಿರಲಿ ಎಂದು ಬೇಡಿಕೊಂಡು ಒತ್ತಿದೆ.

ತೆರೆದುಕೊಂಡಿತು. ಮೀಸೆ ಚೆನ್ನಾಗಿಯೇ ಇತ್ತು. ನಾನು ಎರಡು ಸಲ ದೊಡ್ಡದು ಮಾಡಿ ನೋಡಿದ್ದನ್ನು ಮಾತ್ರ ನೀವು ಚಿಕ್ಕಮ್ಮನಿಗೆ ಹೇಳಬೇಡಿ.